ರೋಲ್ಯಾಂಡ್ ಗ್ಯಾರೋಸ್ ವಿಮಾನದ ಮಾದರಿ ಕಿಟ್: ಕೆಲಸ ಚೆನ್ನ, ಮಾಹಿತಿ ಅರೆಬರೆ

ಕಾಸರಗೋಡಿನ ಹಳೆ ಬಸ್ ನಿಲ್ದಾಣದ ಬಳಿಯ ಆಟಿಕೆ ಅಂಗಡಿಯ ಮೂಲಕ ತರಿಸಿಕೊಂಡ ಈ ಪ್ಲಾಸ್ಟಿಕ್ ಕಿಟ್, 1915ರಲ್ಲಿ ಫ್ರೆಂಚ್ ವೈಮಾನಿಕ ರೋಲ್ಯಾಂಡ್ ಗ್ಯಾರೋಸ್ ಯುದ್ಧಕ್ಕೆ ಬಳಸಿದ ಮೊರಾನ್-ಸೋಲ್ನಿಯೇ ವಿಮಾನದ ಮಾದರಿಯಾಗಿದೆ. ಚಾಲಕನ ತಲೆಯ ಮೇಲೆ ಚಾಚಿಕೊಂಡಿರುವ ಒಂಟಿ ರೆಕ್ಕೆ ಅಚ್ಚುಕಟ್ಟಾಗಿ ಮೂಡಿದೆ. ಆದರೆ ಈ ವಿಮಾನದ ಜೀವಾಳವಿರುವುದು ಪ್ರೊಪೆಲ್ಲರಿನಲ್ಲಿ. ತಿರುಗುವ ಅಲಗುಗಳ ನಡುವಿನಿಂದಲೇ ಮೆಷಿನ್ ಗನ್ನಿನಿಂದ ಗುಂಡು ಹಾರಿಸುವಾಗ, ಅಲಗಿಗೆ ತಾಗಿದ ಗುಂಡುಗಳು ಪಕ್ಕಕ್ಕೆ ಸಿಡಿಯಲೆಂದು ಗ್ಯಾರೋಸ್ ಅಲಗುಗಳಿಗೆ ಉಕ್ಕಿನ ಬೆಣೆಗಳನ್ನು ಕೂರಿಸಿದ್ದರು; ಆ ವರ್ಷದ ಏಪ್ರಿಲ್ 1ರಂದು ಈ ಉಪಾಯದಿಂದಲೇ ಜರ್ಮನ್ ವಿಮಾನವೊಂದನ್ನು ಹೊಡೆದುರುಳಿಸಿದರು. ಕಿಟ್ಟಿನಲ್ಲಿ ಆ ಬೆಣೆಗಳು ಅಕ್ಕಿಕಾಳಿಗಿಂತ ಚಿಕ್ಕವಾಗಿದ್ದರೂ ಅಂಚುಗಳು ಸ್ಪಷ್ಟವಾಗಿವೆ. ಚಿಮುಟದಲ್ಲಿ ಹಿಡಿದೇ ಅಂಟಿಸಬೇಕು. ನಮ್ಮ ಕರಾವಳಿಯ ಮಳೆಗಾಲದ ತೇವದಲ್ಲಿ ಬಣ್ಣ ಒಣಗುವುದು ಮಾತ್ರ ನಿಧಾನ.

ಜೊತೆಗಿರುವ ಮಾಹಿತಿ ಹಾಳೆ ನಿರಾಸೆ ತರುತ್ತದೆ. 1913ರಲ್ಲಿ ಅವರು ಮೆಡಿಟರೇನಿಯನ್ ಸಮುದ್ರವನ್ನು ಎಲ್ಲಿಯೂ ಇಳಿಯದೆ ದಾಟಿದ್ದನ್ನು ಹೇಳುವ ಹಾಳೆಯು, 1915ರ ಏಪ್ರಿಲ್ 18ರಂದು ಜರ್ಮನರಿಗೆ ಸೆರೆಸಿಕ್ಕಿದ್ದನ್ನೂ, 1918ರಲ್ಲಿ ತಪ್ಪಿಸಿಕೊಂಡು ಬಂದು ಮತ್ತೆ ಯುದ್ಧಕ್ಕಿಳಿದು ಅದೇ ವರ್ಷದ ಅಕ್ಟೋಬರ್ 5ರಂದು, ಮೂವತ್ತನೆಯ ಹುಟ್ಟುಹಬ್ಬದ ಮುನ್ನಾದಿನ, ಮಡಿದದ್ದನ್ನೂ ಬಿಟ್ಟೇಬಿಟ್ಟಿದೆ. (ಪ್ಯಾರಿಸ್ಸಿನ ಟೆನಿಸ್ ಅಂಗಣಕ್ಕಿರುವುದು ಇವರದೇ ಹೆಸರು, ಹಾಳೆಯಲ್ಲಿ ಅದೂ ಇಲ್ಲ.) ಜೋಡಣೆಯ ಚಿತ್ರಗಳು ಸುಲಭವಾಗಿರುವುದರಿಂದ, ಹಿರಿಯರು ಜೊತೆಗಿದ್ದರೆ ಹೈಸ್ಕೂಲು ಮಕ್ಕಳಿಗೆ ಧಾರಾಳವಾಗಿ ಕೊಡಿಸಬಹುದು.