ಮೂರು ವರ್ಷ ತುಂಬುವ ಮೊದಲೇ ಐಇಪಿ ಸಿದ್ಧವಿರಲಿ: ಅಮೆರಿಕದ ಕನ್ನಡ ತಂದೆತಾಯಿಗಳಿಗೆ ಒಂದು ಎಚ್ಚರಿಕೆ

ಬೆಳವಣಿಗೆಯಲ್ಲಿ ಹಿನ್ನಡೆಯಿರುವ ಅಥವಾ ಅಂಗವೈಕಲ್ಯವಿರುವ, ಎರಡು ವರ್ಷ ದಾಟಿದ ಮಗು ನಿಮ್ಮ ಮನೆಯಲ್ಲಿದ್ದು, ಅದಕ್ಕೆ ಅಮೆರಿಕದ ಅರ್ಲಿ ಇಂಟರ್ವೆನ್ಷನ್ ಕಾರ್ಯಕ್ರಮದ ಥೆರಪಿಗಳು ನಡೆಯುತ್ತಿದ್ದರೆ ಈ ಬರಹವನ್ನು ದಯವಿಟ್ಟು ಪೂರ್ತಿಯಾಗಿ ಓದಿ. ಮಗುವಿಗೆ ಮೂರು ವರ್ಷ ತುಂಬುತ್ತಿದ್ದಂತೆ ಸಾಮಾನ್ಯವಾಗಿ ಆ ಸೇವೆಗಳು ನಿಂತುಹೋಗುತ್ತವೆ; ಅಲ್ಲಿಂದ ಮುಂದಿನ ಹೊಣೆ ನೀವಿರುವ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನದು. ಅಲ್ಲಿ ಮಗುವಿಗಾಗಿ ತಯಾರಾಗುವ ಲಿಖಿತ ಶಿಕ್ಷಣ ಯೋಜನೆಯೇ ಐಇಪಿ, ಅಂದರೆ ಇಂಡಿವಿಜುವಲೈಸ್ಡ್ ಎಜುಕೇಷನ್ ಪ್ರೋಗ್ರಾಂ. ಈ ಹಸ್ತಾಂತರ ತಾನಾಗಿಯೇ ಆಗುತ್ತದೆ, ನೀವೇನೂ ಚಿಂತಿಸಬೇಕಿಲ್ಲ ಎಂದು ಎರಡೂ ಕಡೆಯವರು ನಮಗೆ ಹೇಳಿದ್ದರು. ಅದು ಆಗಲಿಲ್ಲ. ಜುಲೈ ತಿಂಗಳಲ್ಲಿ ಮೂರು ತುಂಬಿದ ನಮ್ಮ ಮಗ ಅಕ್ಟೋಬರ್ ಕೊನೆಯವರೆಗೂ ಯಾವ ಥೆರಪಿಯೂ ಇಲ್ಲದೆ, ಯಾವ ಶಾಲೆಯೂ ಇಲ್ಲದೆ ಮನೆಯಲ್ಲಿ ಉಳಿಯಬೇಕಾಯಿತು.

ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. ಬೇರೆ ರಾಜ್ಯಗಳಲ್ಲಿ ಕಾರ್ಯಕ್ರಮದ ಹೆಸರು, ನಡೆಸುವ ಇಲಾಖೆ ಬದಲಾಗಬಹುದು, ಆದರೆ ಬುಡದಲ್ಲಿರುವ ಕಾನೂನು ಒಂದೇ. ಅಂಗವಿಕಲ ಮಕ್ಕಳಿಗೆ ಉಚಿತ ಸಾರ್ವಜನಿಕ ಶಿಕ್ಷಣ ಕೊಡಲೇಬೇಕೆಂದು 1975ರಲ್ಲಿ ಬಂದ ಕೇಂದ್ರ ಕಾನೂನಿಗೆ 1986ರಲ್ಲಿ ತಿದ್ದುಪಡಿಯಾಗಿ ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳ ಕಾರ್ಯಕ್ರಮ ಸೇರಿತು. 1990ರಲ್ಲಿ ಆ ಕಾನೂನಿಗೆ ಈಗಿರುವ ಐಡಿಯಾ (IDEA) ಎಂಬ ಹೆಸರು ಬಂತು. ಅದರ ಪಾರ್ಟ್ ಸಿ ಮೂರು ವರ್ಷದೊಳಗಿನವರಿಗೆ, ಪಾರ್ಟ್ ಬಿ ಮೂರು ತುಂಬಿದವರಿಗೆ. ಕ್ಯಾಲಿಫೋರ್ನಿಯಾದಲ್ಲಿ ಪಾರ್ಟ್ ಸಿ ಕಾರ್ಯಕ್ರಮವನ್ನು ಅರ್ಲಿ ಸ್ಟಾರ್ಟ್ ಎನ್ನುತ್ತಾರೆ. ಬೆಳವಣಿಗೆಯ ಅಂಗವೈಕಲ್ಯವಿರುವವರಿಗೆ ಸೇವೆ ಒದಗಿಸುವ, ರಾಜ್ಯದ 21 ರೀಜನಲ್ ಸೆಂಟರ್‌ಗಳ ಮೂಲಕ ಅದು ಹೆಚ್ಚಾಗಿ ನಡೆಯುತ್ತದೆ.

ತಂದೆತಾಯಿಗಳಿಗೆ ಈ ಎರಡು ಭಾಗಗಳ ನಡುವಿನ ವ್ಯತ್ಯಾಸ ಬಹಳ ದೊಡ್ಡದು. ಮೊದಲನೆಯದರಲ್ಲಿ ಥೆರಪಿಸ್ಟ್ ಮನೆಗೆ ಬರುತ್ತಾರೆ, ಇಡೀ ಕುಟುಂಬವನ್ನು ಗಮನದಲ್ಲಿಟ್ಟು ಐಎಫ್‌ಎಸ್‌ಪಿ ಎಂಬ ಯೋಜನೆ ತಯಾರಾಗುತ್ತದೆ, ಎಲ್ಲವನ್ನೂ ಹೊಂದಿಸಿ ಕೊಡಲು ಒಬ್ಬ ಸರ್ವೀಸ್ ಕೋಆರ್ಡಿನೇಟರ್ ಇರುತ್ತಾರೆ. ಎರಡನೆಯದರಲ್ಲಿ ಮಗು ಶಾಲೆಗೆ ಹೋಗಬೇಕು, ಐಇಪಿ ಎಂಬ ಯೋಜನೆ ಮಗುವಿನ ಶಿಕ್ಷಣಕ್ಕಷ್ಟೇ ಸಂಬಂಧಪಟ್ಟಿರುತ್ತದೆ, ಆ ಕೋಆರ್ಡಿನೇಟರ್ ಸ್ಥಾನದಲ್ಲಿ ಯಾರೂ ಇರುವುದಿಲ್ಲ. ದಿನಾಂಕಗಳನ್ನು ನೆನಪಿಟ್ಟುಕೊಂಡು ಬೆನ್ನು ಹತ್ತುವವರು ನೀವೇ ಆಗಬೇಕು.

ನಮಗೆ ಏಟು ಬಿದ್ದದ್ದು ದಿನಾಂಕಗಳಲ್ಲಿಯೇ. ಹಸ್ತಾಂತರದ ಸಭೆ ಮೂರನೆಯ ಹುಟ್ಟುಹಬ್ಬಕ್ಕೆ ಕನಿಷ್ಠ 90 ದಿನ ಮೊದಲು ನಡೆಯಬೇಕು. ಎಲ್ಲರೂ ಒಪ್ಪಿದರೆ 9 ತಿಂಗಳು ಮೊದಲೇ ನಡೆಸಬಹುದು. ಜುಲೈ ಮಧ್ಯದಲ್ಲಿ ಹುಟ್ಟಿದ ಮಗುವಿಗೆ ಹಿಂದಿನ ಅಕ್ಟೋಬರ್‌ನಿಂದಲೇ ಅವಕಾಶವಿತ್ತು, ಏಪ್ರಿಲ್ ಮಧ್ಯ ಕೊನೆಯ ಗಡುವು. ಚಳಿಗಾಲದಲ್ಲಿ ನಮ್ಮ ಕೋಆರ್ಡಿನೇಟರ್ ಕೆಲಸ ಬಿಟ್ಟರು, ಹೊಸಬರು ಬರುವುದು ತಡವಾಯಿತು, ಬಂದವರು ನಮ್ಮ ಕಡತ ನೋಡಿದ್ದು ಇನ್ನೂ ತಡವಾಗಿ. ನಾವು ಫೋನ್ ಮಾಡಿದಾಗಲೆಲ್ಲ ಸಭೆ ಗೊತ್ತುಪಡಿಸುತ್ತೇವೆ ಎಂಬ ಉತ್ತರ ಸಿಕ್ಕಿತು. ಅಂತೂ ಸಭೆ ನಡೆದದ್ದು ಮೇ ಕೊನೆಯಲ್ಲಿ. ಅಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಪರವಾಗಿ ಬಂದಿದ್ದವರು, ಬೇಸಿಗೆ ರಜೆಯಲ್ಲಿ ಮೌಲ್ಯಮಾಪನ ಮಾಡುವ ಸಿಬ್ಬಂದಿ ಇರುವುದಿಲ್ಲ, ಆಗಸ್ಟ್‌ನಲ್ಲಿ ಶಾಲೆ ತೆರೆದ ಮೇಲೆ ನಾವೇ ಕರೆಯುತ್ತೇವೆ ಎಂದು ನಗುಮುಖದಿಂದ ಹೇಳಿದರು. ಬರಹದಲ್ಲಿ ಏನನ್ನೂ ಕೊಡಲಿಲ್ಲ.

ಈ ಮಾತು ಕಾನೂನಿಗೆ ವಿರುದ್ಧವಾದದ್ದು. ಅರ್ಲಿ ಇಂಟರ್ವೆನ್ಷನ್‌ನಿಂದ ಬರುವ ಮಗು ಅರ್ಹವಾಗಿದ್ದರೆ, ಮೂರನೆಯ ಹುಟ್ಟುಹಬ್ಬದ ಹೊತ್ತಿಗೆ ಅದರ ಐಇಪಿ ಸಿದ್ಧವಾಗಿ ಜಾರಿಯಲ್ಲಿರಬೇಕು. ಹುಟ್ಟುಹಬ್ಬ ಬೇಸಿಗೆಯಲ್ಲಿ ಬಂದರೆ ಸೇವೆ ಯಾವ ದಿನ ಶುರುವಾಗಬೇಕೆಂಬುದನ್ನು ಐಇಪಿ ತಂಡ ತೀರ್ಮಾನಿಸಬಹುದು; ಐಇಪಿಯನ್ನೇ ಮುಂದೂಡಲು ರಜೆ ಕಾರಣವಾಗುವುದಿಲ್ಲ. ಆದರೂ ರಜೆಯ ನೆಪ ಇಷ್ಟು ಸುಲಭವಾಗಿ ಚಲಾವಣೆಯಾಗಲು ಒಂದು ಕಾರಣವಿದೆ. ಕ್ಯಾಲಿಫೋರ್ನಿಯಾದಲ್ಲಿ ಲಿಖಿತ ಕೋರಿಕೆ ತಲುಪಿದ 15 ದಿನಗಳೊಳಗೆ ಮೌಲ್ಯಮಾಪನದ ಯೋಜನೆಯನ್ನು ತಂದೆತಾಯಿಗಳಿಗೆ ಕೊಡಬೇಕು, ಅದಕ್ಕೆ ಸಹಿ ಹಾಕಿ ಮರಳಿಸಿದ 60 ದಿನಗಳೊಳಗೆ ಐಇಪಿ ಸಭೆ ನಡೆಯಬೇಕು. ಸಾಮಾನ್ಯವಾಗಿ ಉದ್ದದ ರಜೆಯ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಆ ಸಾಮಾನ್ಯ ನಿಯಮವನ್ನೇ ಎತ್ತಿ ತೋರಿಸಿ, ಮೂರನೆಯ ಹುಟ್ಟುಹಬ್ಬದ ಪ್ರತ್ಯೇಕ ಗಡುವನ್ನು ಮರೆಸಿಬಿಡುತ್ತಾರೆ. ಜೂನ್, ಜುಲೈ, ಆಗಸ್ಟ್‌ನಲ್ಲಿ ಹುಟ್ಟಿದ ಮಕ್ಕಳ ತಂದೆತಾಯಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಸೇವೆಯಿಲ್ಲದೆ ಕಳೆದ ಆ ಮೂರೂವರೆ ತಿಂಗಳು ನಮ್ಮ ಮಗನಿಗೆ ಏನು ಮಾಡಿದವು ಎಂಬುದನ್ನು ಹೇಳಲೇಬೇಕು, ಏಕೆಂದರೆ ಕಚೇರಿಗಳಲ್ಲಿ ಇದನ್ನು ಸ್ವಲ್ಪ ವಿಳಂಬ ಎಂದು ಕರೆಯುತ್ತಾರೆ. ಅವನಿಗೆ ಮಾತು ಬಂದಿರಲಿಲ್ಲ. ಸ್ಪೀಚ್ ಥೆರಪಿಸ್ಟ್ ತಿಂಗಳುಗಟ್ಟಲೆ ಅವನ ಜೊತೆ ನೆಲದ ಮೇಲೆ ಕೂತು, ಚಿತ್ರದ ಕಾರ್ಡುಗಳಿಂದ ಕೇಳುವುದನ್ನು ಕಲಿಸಿದ್ದರು. ಫ್ರಿಜ್ ಬಾಗಿಲಿಗೆ ವೆಲ್ಕ್ರೋದಿಂದ ಅಂಟಿಸಿದ್ದ ನೀರಿನ ಲೋಟದ ಕಾರ್ಡನ್ನು ಚರ‍್ರನೆ ಕಿತ್ತು, ನನ್ನ ಅಂಗೈಯಲ್ಲಿಟ್ಟು, ಕಣ್ಣಿಟ್ಟು ನೋಡಿ ಕಾಯುತ್ತಿದ್ದ. ಆ ಕಾಯುವುದನ್ನು ಕಲಿಸಲು ಅವರು ಪಟ್ಟ ಶ್ರಮ ನನಗೆ ಗೊತ್ತು. ಸೇವೆ ನಿಂತ ಮೇಲೆ ನಾವು ಮನೆಯಲ್ಲಿ ಅದನ್ನೇ ಮುಂದುವರಿಸಿದೆವು, ಆದರೆ ಹೊಸ ಕಾರ್ಡುಗಳಿಗೆ ಹೇಗೆ ಹೋಗಬೇಕು, ಅವನು ಸಿಟ್ಟಾದಾಗ ಏನು ಮಾಡಬೇಕು ಎಂದು ಹೇಳಿಕೊಡುವವರಿರಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಅವನು ಕಾರ್ಡುಗಳನ್ನು ಕಿತ್ತು ಎಸೆಯುತ್ತಿದ್ದ, ಮೊದಲಿನಂತೆ ತಲೆಯನ್ನು ಬೀರುವಿಗೆ ಚಚ್ಚಿಕೊಳ್ಳಲು ಶುರುಮಾಡಿದ್ದ. ಖಾಸಗಿಯಾಗಿ ಥೆರಪಿ ಕೊಡಿಸೋಣವೆಂದರೆ ಕಾಯುವವರ ಪಟ್ಟಿಯೇ ಅಷ್ಟುದ್ದ ಇತ್ತು.

ಮೌಲ್ಯಮಾಪನದಲ್ಲಿಯೂ ಎಚ್ಚರ ಬೇಕು. ಮಗನನ್ನು ಅವನು ಹಿಂದೆಂದೂ ನೋಡಿರದ ಕೋಣೆಯಲ್ಲಿ, ಹೊಸ ಮುಖಗಳ ನಡುವೆ, ಇಂಗ್ಲಿಷಿನಲ್ಲಿ ಪರೀಕ್ಷಿಸಿದರು. ನಮ್ಮ ಮನೆಯಲ್ಲಿ ಕನ್ನಡವೇ ನಡೆಯುವುದು; ಚೆಂಡು ಎಲ್ಲಿ ಎಂದರೆ ಬೆರಳು ತೋರಿಸುವ ಮಗು, ಇಂಗ್ಲಿಷಿನಲ್ಲಿ ಕೇಳಿದಾಗ ಕಿಟಕಿ ನೋಡುತ್ತ ಕುಳಿತ. ವರದಿಯಲ್ಲಿ ಅದು ಗ್ರಹಿಕೆಯ ಕೊರತೆ ಎಂದು ದಾಖಲಾಯಿತು. ಮಗುವಿನ ಮನೆಮಾತಿನಲ್ಲಿ, ಅದರ ನಿಜವಾದ ಸಾಮರ್ಥ್ಯ ತಿಳಿಯುವ ರೀತಿಯಲ್ಲಿ ಪರೀಕ್ಷೆ ನಡೆಯಬೇಕೆಂದು ಕಾನೂನು ಹೇಳುತ್ತದೆ. ಅದು ಸಾಧ್ಯವಿಲ್ಲವೆಂಬುದು ಸ್ಪಷ್ಟವಾಗಿದ್ದಾಗ ಮಾತ್ರ ವಿನಾಯಿತಿ. ದುಭಾಷಿಯನ್ನು ಮೊದಲೇ ಬರಹದಲ್ಲಿ ಕೇಳಿ. ಮನೆಯಲ್ಲಿ ಕನ್ನಡ ಬಿಟ್ಟುಬಿಡಿ ಎಂಬ ಸಲಹೆಯೂ ನಮಗೆ ಸಿಕ್ಕಿತು. ಎರಡು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ ಎಂಬುದು ಅಮೆರಿಕದ ವಾಕ್‌ತಜ್ಞರ ರಾಷ್ಟ್ರೀಯ ಸಂಘವಾದ ಆಶಾದ ನಿಲುವು. ಅಜ್ಜಿಯ ಜೊತೆಗಿರುವ ಏಕೈಕ ಭಾಷೆಯನ್ನು ಇಂಥ ಮಗುವಿನಿಂದ ಕಿತ್ತುಕೊಳ್ಳುವುದು ದೊಡ್ಡ ಅನ್ಯಾಯ. ಆ ಸಲಹೆಯನ್ನು ನಾವು ಪಾಲಿಸಲಿಲ್ಲ.

ವೈದ್ಯರು ಕೊಟ್ಟ ರೋಗನಿರ್ಣಯವೊಂದೇ ಶಾಲೆಯ ಸೇವೆಗೆ ಸಾಲದು ಎಂಬುದನ್ನೂ ತಿಳಿದಿರಿ. ಕಾನೂನು ಹೆಸರಿಸುವ ವರ್ಗಗಳಲ್ಲಿ ಒಂದಕ್ಕೆ ಮಗು ಸೇರಬೇಕು, ಅದರಿಂದಾಗಿ ವಿಶೇಷ ಶಿಕ್ಷಣದ ಅಗತ್ಯವಿದೆಯೆಂದು ತಂಡ ಒಪ್ಪಬೇಕು. ಹಾಗಾಗಿ ಅರ್ಲಿ ಸ್ಟಾರ್ಟ್‌ನಲ್ಲಿ ಅರ್ಹವಾಗಿದ್ದ ಮಗು ಇಲ್ಲಿ ಅನರ್ಹವಾಗುವುದುಂಟು. ಶಾಲೆಯ ಮೌಲ್ಯಮಾಪನವನ್ನು ನೀವು ಒಪ್ಪದಿದ್ದರೆ ಸ್ವತಂತ್ರ ಮೌಲ್ಯಮಾಪನವನ್ನು ಅವರ ಖರ್ಚಿನಲ್ಲಿಯೇ ಕೇಳುವ ಹಕ್ಕಿದೆ. ಅದನ್ನು ನಿರಾಕರಿಸಬೇಕಾದರೆ ಡಿಸ್ಟ್ರಿಕ್ಟ್‌ನವರೇ ವಿಚಾರಣೆಗೆ ಹೋಗಿ ತಮ್ಮ ಮೌಲ್ಯಮಾಪನ ಸರಿಯಿದೆಯೆಂದು ತೋರಿಸಬೇಕು.

ಐಇಪಿ ಸಭೆಯಲ್ಲಿ ಮೇಜಿನ ಒಂದು ಕಡೆ ಅವರೆಲ್ಲರೂ, ಇನ್ನೊಂದು ಕಡೆ ನಾವಿಬ್ಬರೇ. ಮೌಲ್ಯಮಾಪನದ ವರದಿ ನಮ್ಮ ಕೈಗೆ ಬಂದದ್ದು ಆಗಲೇ. ವಾರಕ್ಕೆ ಎರಡು ಗಂಟೆ ಒಬ್ಬನಿಗೇ ಸಿಗುತ್ತಿದ್ದ ಸ್ಪೀಚ್ ಥೆರಪಿಯ ಬದಲು ಗುಂಪಿನಲ್ಲಿ ಅರ್ಧ ಗಂಟೆ ಎಂದರು. ಏಕೆ ಎಂದು ಕೇಳಿದಾಗ, ಪ್ರೀಸ್ಕೂಲ್ ಮಕ್ಕಳಿಗೆ ನಾವು ಕೊಡುವುದೇ ಇಷ್ಟು ಎಂಬ ಉತ್ತರ ಬಂತು. ಐಇಪಿಯ ಮೊದಲ ಅಕ್ಷರವೇ ಪ್ರತಿ ಮಗುವಿನ ಅಗತ್ಯವನ್ನು ಪ್ರತ್ಯೇಕವಾಗಿ ನೋಡಬೇಕೆನ್ನುತ್ತದೆ. ಎಲ್ಲರಿಗೂ ಒಂದೇ ಅಳತೆ ಎಂಬ ಉತ್ತರವನ್ನು ಒಪ್ಪಬೇಡಿ. ಕೋರಿಕೆಯನ್ನು ನಿರಾಕರಿಸಿದರೆ ಕಾರಣಸಹಿತ ಲಿಖಿತ ನೋಟಿಸ್ ಕೊಡಬೇಕಾದ್ದು ಅವರ ಕರ್ತವ್ಯ. ಅಲ್ಲಿಯೇ ಸಹಿ ಹಾಕುವ ಅಗತ್ಯವಿಲ್ಲ, ಹಾಜರಾತಿಗೆ ಮಾತ್ರ ಸಹಿ ಮಾಡಿ ಮನೆಗೆ ತಂದು ಓದಬಹುದು. ಆದರೆ ಪೂರ್ತಿ ತಿರಸ್ಕರಿಸಿ ಕೂರುವುದೂ ಅಪಾಯಕರ, ಏಕೆಂದರೆ ಈ ಹಂತದಲ್ಲಿ ವಿವಾದ ನಡೆಯುವಷ್ಟು ಕಾಲ ಹಳೆಯ ಪಾರ್ಟ್ ಸಿ ಸೇವೆ ಮುಂದುವರಿಯಬೇಕೆಂಬ ಹಕ್ಕು ಇಲ್ಲ. ಒಪ್ಪಿಗೆಯಿರುವ ಭಾಗಕ್ಕೆ ಸಹಿ ಹಾಕಿ, ಒಪ್ಪದ ಭಾಗವನ್ನು ಹೆಸರಿಸಿ ಬರೆದುಕೊಟ್ಟರೆ ಅಷ್ಟಾದರೂ ಸೇವೆ ಶುರುವಾಗುತ್ತದೆ. ನಾವು ಹಾಗೆಯೇ ಮಾಡಿದೆವು.

ನಮ್ಮವರಲ್ಲಿ ಅನೇಕರು ಮೇಷ್ಟರೆದುರು, ಅಧಿಕಾರಿಗಳೆದುರು ವಾದಿಸಲು ಹಿಂಜರಿಯುತ್ತಾರೆ. ವೀಸಾದ ಮೇಲಿರುವವರಿಗೆ ದೂರು ಕೊಟ್ಟರೆ ಏನಾದರೂ ತೊಂದರೆಯಾದೀತು ಎಂಬ ಅಳುಕು ಬೇರೆ. ಸಾರ್ವಜನಿಕ ಶಾಲೆಯ ಹಕ್ಕು ವಲಸೆಯ ಸ್ಥಿತಿಯನ್ನು ಅವಲಂಬಿಸಿಲ್ಲ. ದಾಖಲೆಯೇ ಇಲ್ಲದ ಮಕ್ಕಳನ್ನೂ ಶಾಲೆಯಿಂದ ಹೊರಗಿಡುವಂತಿಲ್ಲ ಎಂದು 1982ರಲ್ಲಿ ಪ್ಲೈಲರ್ ವಿರುದ್ಧ ಡೋ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ನಾವು ರಾಜ್ಯದ ಶಿಕ್ಷಣ ಇಲಾಖೆಗೆ ಲಿಖಿತ ದೂರು ಕೊಟ್ಟೆವು. ಅದಕ್ಕೆ ವಕೀಲರು ಬೇಕಿಲ್ಲ, ಶುಲ್ಕವಿಲ್ಲ. ತಪ್ಪು ನಡೆದ ಒಂದು ವರ್ಷದೊಳಗೆ ಕೊಡಬೇಕು, ಇಲಾಖೆ ಸಾಮಾನ್ಯವಾಗಿ 60 ದಿನಗಳಲ್ಲಿ ತೀರ್ಮಾನಿಸಬೇಕು. ಗಡುವು ಮೀರಿದ್ದು ದೃಢಪಟ್ಟು, ಕಳೆದುಹೋದ ಸೇವೆಗೆ ಪರಿಹಾರವಾಗಿ ಹೆಚ್ಚುವರಿ ಥೆರಪಿ ಗಂಟೆಗಳು ಸಿಕ್ಕವು. ಅವನು ಮತ್ತೆ ಕಾರ್ಡು ಹಿಡಿಯುವ ಹೊತ್ತಿಗೆ ಮುಂದಿನ ವಸಂತ ಬಂದಿತ್ತು.

ಮಗುವಿಗೆ ಎರಡು ವರ್ಷ ಮೂರು ತಿಂಗಳು ಆಗುತ್ತಿದ್ದಂತೆ ಕೋಆರ್ಡಿನೇಟರ್‌ಗೂ ಡಿಸ್ಟ್ರಿಕ್ಟ್‌ನ ವಿಶೇಷ ಶಿಕ್ಷಣ ವಿಭಾಗಕ್ಕೂ ಒಂದೇ ಇಮೇಲ್ ಕಳಿಸಿ. ಅದರಲ್ಲಿ ಮಗುವಿನ ಜನ್ಮದಿನಾಂಕ, ಹಸ್ತಾಂತರ ಸಭೆಯ ಕೋರಿಕೆ, ಎಲ್ಲ ಕ್ಷೇತ್ರಗಳಲ್ಲೂ ಮೌಲ್ಯಮಾಪನ ಮಾಡಬೇಕೆಂಬ ಕೋರಿಕೆ, ದುಭಾಷಿ ಬೇಕೆಂಬ ಮಾತು ಇರಲಿ. ಮೊದಲ ಐಇಪಿ ಸಭೆಗೆ ಕೋಆರ್ಡಿನೇಟರ್ ಅವರನ್ನು ಆಹ್ವಾನಿಸುವಂತೆ ಕೇಳುವ ಹಕ್ಕು ನಿಮಗಿದೆ, ಅದನ್ನೂ ಬರೆಯಿರಿ. ಕ್ಯಾಲಿಫೋರ್ನಿಯಾದಲ್ಲಿ ಶಾಲೆಯ ದಾಖಲೆಗಳನ್ನು ಕೇಳಿದ ಐದು ಕೆಲಸದ ದಿನಗಳೊಳಗೆ ಕೊಡಬೇಕು, ಆದ್ದರಿಂದ ವರದಿಗಳನ್ನು ಸಭೆಗೆ ಒಂದು ವಾರ ಮೊದಲೇ ತರಿಸಿಕೊಳ್ಳಿ. ಮೂರು ವರ್ಷದ ನಂತರವೂ ರೀಜನಲ್ ಸೆಂಟರ್ ಸೇವೆಗೆ ಮಗು ಅರ್ಹವೇ ಎಂಬುದರ ಪರಿಶೀಲನೆ ಬೇರೆಯಾಗಿಯೇ ನಡೆಯುತ್ತದೆ. ಅದನ್ನು ಜೊತೆಜೊತೆಗೇ ಕೇಳಿ. ಪ್ರತಿ ರಾಜ್ಯದಲ್ಲಿಯೂ ಕೇಂದ್ರ ಸರ್ಕಾರದ ಅನುದಾನದಿಂದ ನಡೆಯುವ ಪೇರೆಂಟ್ ಟ್ರೈನಿಂಗ್ ಅಂಡ್ ಇನ್ಫರ್ಮೇಷನ್ ಸೆಂಟರ್ ಇದೆ, ಅವರು ಉಚಿತವಾಗಿ ದಾರಿ ತೋರಿಸುತ್ತಾರೆ. ಯಾರಾದರೂ ಫೋನಿನಲ್ಲಿ ಆಗಸ್ಟ್‌ವರೆಗೆ ಕಾಯಿರಿ ಎಂದರೆ, ಅದೇ ದಿನ ಅವರಿಗೆ ಇಮೇಲ್ ಮಾಡಿ, ಇಂದು ನೀವು ಹೀಗೆ ಹೇಳಿದಿರಿ, ಇದಕ್ಕೆ ಆಧಾರವಾದ ನಿಯಮವನ್ನು ಬರಹದಲ್ಲಿ ತಿಳಿಸಿ ಎಂದು ಕೇಳಿ.