ನಾಲ್ಕು ವರ್ಷ ಬಳಸಿದ 2500 ಸೈಜಿನ ಸ್ಪಿನ್ನಿಂಗ್ ರೀಲ್: ಸದ್ದು ಎಲ್ಲಿಂದ ಬಂತು, ಹೇಗೆ ಹೋಯಿತು

ಮೀನು ಹಿಡಿಯುವ ಗಾಳದ ಕೋಲಿಗೆ ಹಾಕಿ ಲೈನ್ (ಗಾಳದ ದಾರ) ಸುತ್ತುವ ಈ ರೀಲ್ ತಗೊಂಡು ನಾಲ್ಕು ವರ್ಷ ಆಯ್ತು. 2500 ಸೈಜು, ಗೇರ್ ಅನುಪಾತ 5.2:1, ಆಗ ಕೊಟ್ಟಿದ್ದು 2,300 ರೂಪಾಯಿ. ಭಾನುವಾರ ಬಂದರೆ ನಮ್ಮದು ಒಂದೋ ಹರಿಹರದ ತುಂಗಭದ್ರೆ ದಡ, ಇಲ್ಲಾ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ. ಜಿಲೇಬಿ ಮೀನು, ರೋಹು ಜಾಸ್ತಿ. ಒಮ್ಮೆ ಮೂರು ಕೆ.ಜಿ. ಕಾಟ್ಲಾವನ್ನೂ ಇದರಲ್ಲೇ ಎಳೆದಿದ್ದೇನೆ, ಮೀನು ಜೋರಾಗಿ ಎಳೆದಾಗ ಲೈನ್ ಬಿಟ್ಟುಕೊಡುವ ಡ್ರ್ಯಾಗ್ ಒಂದು ಸಲವೂ ಕೈಕೊಡಲಿಲ್ಲ. ಬ್ರಾಂಡ್ ಹೆಸರು ಬೇಡ. ಈ ಬೆಲೆಯ ರೀಲ್‌ಗಳ ಒಳಗಿನ ಕಟ್ಟು ಹೆಚ್ಚುಕಮ್ಮಿ ಒಂದೇ, ಹಾಗಾಗಿ ತೊಂದರೆಯೂ ಹತ್ತಿರ ಹತ್ತಿರ ಒಂದೇ.

ಮೊದಲ ಎರಡೂವರೆ ವರ್ಷ ಸದ್ದೇ ಇಲ್ಲ. ಆಮೇಲೊಂದು ಬೇಸಿಗೆ, ಸೂಳೆಕೆರೆ ಏರಿ ಪಕ್ಕ ಕೂತಿದ್ದಾಗ ಲೈನ್ ಸುತ್ತುವಾಗ ಕೀಂಯ್ ಅಂತ ಶುರುವಾಯಿತು. ಪಕ್ಕದಲ್ಲಿದ್ದ ನನ್ನ ಹೆಂಡತಿಯ ತಮ್ಮ, "ಏನ್ ಭಾವ, ಎಣ್ಣೆ ಹಾಕಿಲ್ವಾ ಇದಕ್ಕೆ?" ಅಂದ. ಮನೆಗೆ ಬಂದು ತುಕ್ಕು ಬಿಡಿಸುವ ಸ್ಪ್ರೇ ತಗೊಂಡು ಕಂಡ ಸಂದಿಗೆಲ್ಲ ಹೊಡೆದೆ. ನೀವು ಇದನ್ನು ಮಾಡಬೇಡಿ. ಎರಡು ದಿನ ಸದ್ದು ನಿಂತಿತು, ಆಮೇಲೆ ಎರಡರಷ್ಟಾಯಿತು. ಆ ಸ್ಪ್ರೇ ಒಳಗಿನ ಗ್ರೀಸನ್ನು ಕರಗಿಸಿ ನೀರು ಮಾಡುತ್ತದೆ. ಕರಗಿದ ಗ್ರೀಸ್ ಹರಿದು, ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ಕ್ಲಚ್ ಒಳಗೆ ಹೋಯಿತು. ಅಲ್ಲಿಂದ ಹ್ಯಾಂಡಲ್ ಆಗಾಗ ಜಾರಿ ಹಿಂದಕ್ಕೆ ಹೋಗತೊಡಗಿತು. ಗಾಳಕ್ಕೆ ಮೀನು ಕಚ್ಚಿದ ಹೊತ್ತಿಗೇ ಹಾಗಾದರೆ ಎಷ್ಟು ಬೇಜಾರು ಅಲ್ವಾ?

ರಿಪೇರಿ ಮಾಡುವ ಒಬ್ಬರಿಗೆ ತೋರಿಸಿದೆ. ಬಿಚ್ಚದೇನೇ "ಗೇರ್ ಹೋಗಿದೆ, 1,400 ಆಗುತ್ತೆ" ಅಂದರು. ಅಷ್ಟು ಕೊಟ್ಟರೆ ಹೊಸದಕ್ಕೆ ಇನ್ನೆಷ್ಟು ಬೇಕು? ವಾಪಸ್ ತಂದು ನಾನೇ ಕೂತೆ. ಅವತ್ತು ಕಲಿತ ಒಂದು ವಿಷಯಕ್ಕಾಗಿಯೇ ಇದನ್ನೆಲ್ಲ ಬರೆಯುತ್ತಿದ್ದೇನೆ: ಬಿಚ್ಚುವ ಮೊದಲು ಸದ್ದನ್ನು ಎಣಿಸಬೇಕು.

ಲೆಕ್ಕ ಸುಲಭ. 5.2:1 ಅಂದರೆ ಹ್ಯಾಂಡಲ್ ಒಂದು ಸುತ್ತು ಬರುವಷ್ಟರಲ್ಲಿ ರೋಟರ್ (ಲೈನ್ ಸುತ್ತಿಕೊಂಡಿರುವ ಸ್ಪೂಲ್‌ನ ಸುತ್ತ ತಿರುಗುವ ಭಾಗ) 5.2 ಸುತ್ತು ಬರುತ್ತದೆ. ಹ್ಯಾಂಡಲ್‌ಗೆ ಬಿಳಿ ದಾರ ಕಟ್ಟಿ ನಿಧಾನಕ್ಕೆ ಹತ್ತು ಸುತ್ತು ತಿರುಗಿಸಿ. ಸದ್ದು ಹತ್ತೇ ಸಲ ಬಂದರೆ ತೊಂದರೆ ಹ್ಯಾಂಡಲ್‌ನಲ್ಲಿ ಅಥವಾ ದೊಡ್ಡ ಗೇರ್‌ನಲ್ಲಿ. ಐವತ್ತರ ಆಸುಪಾಸು ಬಂದರೆ ರೋಟರ್ ಜೊತೆ ತಿರುಗುವ ಯಾವುದೋ ಒಂದು: ಲೈನನ್ನು ಸ್ಪೂಲ್ ಮೇಲೆ ಸುತ್ತಿಸುವ ಬೇಲ್ ತಂತಿ, ರೋಟರನ್ನು ತಿರುಗಿಸುವ ಸಣ್ಣ ಗೇರ್ ಅಂದರೆ ಪಿನಿಯನ್, ಅದರ ಬೇರಿಂಗ್. ಸ್ಪೂಲ್ ಮೇಲೆ ಹೋಗಿ ಕೆಳಗೆ ಬರುವಾಗ ಮಾತ್ರ ಬಂದರೆ ಸ್ಪೂಲನ್ನು ಆಡಿಸುವ ಭಾಗ, ಇಲ್ಲಾ ಒಣಗಿದ ಶಾಫ್ಟ್. ಸ್ಪೂಲ್ ತೆಗೆದು ತಿರುಗಿಸಿದಾಗ ಸದ್ದೇ ಹೋದರೆ ತೊಂದರೆ ಸ್ಪೂಲ್ ಕಡೆಯದು, ಒಳಗೆ ಕೈ ಹಾಕುವುದೇ ಬೇಡ.

ನನ್ನ ರೀಲ್‌ನಲ್ಲಿ ಇದ್ದದ್ದು ಎರಡು ಸದ್ದು. ಕೀಂಯ್ ಅನ್ನುವುದು ಲೈನ್‌ಗೆ ಭಾರ ಬಿದ್ದಾಗ ಮಾತ್ರ. ಖಾಲಿ ಸುತ್ತಿದರೆ ಬರುವುದಿಲ್ಲ. ತಾರಸಿ ಮೇಲೆ ಒಂದು ಲೀಟರ್ ನೀರಿನ ಬಾಟಲಿ ಕಟ್ಟಿ ಎಳೆದು ಖಚಿತ ಮಾಡಿಕೊಂಡೆ. ಭಾರಕ್ಕೆ ಮಾತ್ರ ಕೂಗಿದರೆ ಮೊದಲು ನೋಡಬೇಕಾದ್ದು ಲೈನ್ ರೋಲರ್, ಬೇಲ್ ತಂತಿಯ ತುದಿಯಲ್ಲಿ ಲೈನ್ ತಿರುವು ಪಡೆಯುವ ಆ ಪುಟ್ಟ ಉರುಳೆ. ಅದರ ಮೇಲೆ ಮಾರ್ಕರ್ ಪೆನ್ನಲ್ಲಿ ಒಂದು ಕಪ್ಪು ಚುಕ್ಕಿ ಇಟ್ಟೆ. ಡ್ರ್ಯಾಗ್ ಸಡಿಲ ಮಾಡಿ ಕೈಯಿಂದ ಲೈನ್ ಎಳೆದೆ. ಲೈನ್ ಸರಸರ ಹೋಗುತ್ತಿದೆ, ಚುಕ್ಕಿ ಇದ್ದಲ್ಲೇ ಇದೆ! ರೋಲರ್ ಜಾಮ್ ಆಗಿ, ಲೈನ್ ಅದರ ಮೇಲೆ ಉಜ್ಜಿಕೊಂಡೇ ಹೋಗುತ್ತಿತ್ತು. ಸುಮ್ನೆ ಸುಮ್ನೆ ಲೈನ್ ಹರಿಯುತ್ತಿದ್ದದ್ದೂ ಇದಕ್ಕೇ.

ರೋಲರ್ ಒಳಗಿನ ಬೇರಿಂಗ್ ತುಕ್ಕು ಹಿಡಿದು ಕೆಂಪಾಗಿತ್ತು. ಅಳತೆ ಒಳಗೆ 4, ಹೊರಗೆ 7, ದಪ್ಪ 2.5 ಮಿ.ಮೀ. ಪಿ.ಬಿ. ರಸ್ತೆಯ ಬೇರಿಂಗ್ ಅಂಗಡಿಗೆ ಒಯ್ದೆ. ಅಲ್ಲಿಯ ಹಿರಿಯರು ಅದನ್ನು ಬೆರಳ ತುದಿಯಲ್ಲಿಟ್ಟು ನೋಡಿ, "ಇಷ್ಟು ಸಣ್ಣದು ಎಲ್ಲಿಂದ ತರ್ಲಿ ತಮ್ಮಾ, ನಂದೆಲ್ಲ ಮೋಟಾರಿಂದು" ಅಂದರು. ಆದರೆ ವರ್ನಿಯರ್‌ನಲ್ಲಿ ಅಳೆದು ಚೀಟಿಯಲ್ಲಿ ಬರೆದುಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಆ ಅಳತೆ ಹಾಕಿ ಆನ್‌ಲೈನ್‌ನಲ್ಲಿ ಎರಡು ಸ್ಟೀಲ್ ಬೇರಿಂಗ್ ತರಿಸಿದೆ, 300 ರೂಪಾಯಿ ಚಿಲ್ಲರೆ.

ಎರಡನೇ ಸದ್ದು ಗರಗರ. ಹಳೇ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಬಿಸಿ ಮರಳನ್ನು ಜರಡಿ ಹಿಡಿಯುವಾಗ ಬರುತ್ತದಲ್ಲ, ಹಾಗೆ. ಎಣಿಸಿದೆ: ಹತ್ತು ಸುತ್ತಿಗೆ 52. ಅಂದರೆ ದೊಡ್ಡ ಗೇರ್ ಅಲ್ಲ, ಪಿನಿಯನ್ ಬೇರಿಂಗ್. ಹರಿಹರದಲ್ಲಿ ಒಮ್ಮೆ ರೀಲ್ ಒದ್ದೆ ಮರಳಿಗೆ ಬಿದ್ದಿದ್ದು ಆಗ ನೆನಪಾಯಿತು.

ಬಿಚ್ಚುವುದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಬಿಳಿ ಪಂಚೆ ಹಾಸಿ, ತೆಗೆದ ಕ್ರಮದಲ್ಲೇ ಸಾಲಾಗಿ ಇಟ್ಟೆ, ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೋ. ಗೇರ್ ಪಕ್ಕ ಕಾಗದದಷ್ಟು ತೆಳು ವಾಷರ್ ಇರುತ್ತದೆ, ಗ್ರೀಸ್‌ಗೆ ಅಂಟಿಕೊಂಡು ಕಾಣುವುದೇ ಇಲ್ಲ. ಅದು ಕಳೆದರೆ ಗೇರ್ ಅಲುಗಾಡಿ ಹೊಸ ಸದ್ದು ಶುರುವಾಗುತ್ತದೆ. ರೋಟರ್ ನಟ್ ಕೆಲವು ರೀಲ್‌ಗಳಲ್ಲಿ ಉಲ್ಟಾ ತಿರುಗುತ್ತದೆ, ಬಲವಂತ ಮಾಡಬೇಡಿ. ಕ್ಲಚ್ಚನ್ನು ಇಡಿಯಾಗಿ ತೆಗೆಯಿರಿ. ಒಳಗೆ ಸೂಜಿಯಂಥ ರೋಲರ್, ಕೂದಲಿನಂಥ ಸ್ಪ್ರಿಂಗ್ ಇವೆ, ಚೆದುರಿದರೆ ಮತ್ತೆ ಜೋಡಿಸುವುದು ಕಷ್ಟ.

ಟಾರ್ಚ್ ಹಾಕಿ ನೋಡಿದೆ, ಗೇರ್‌ನ ಒಂದು ಹಲ್ಲೂ ಹೋಗಿರಲಿಲ್ಲ. 1,400 ರೂಪಾಯಿ ಅಂದಿದ್ದು ಇದಕ್ಕೇ ತಾನೇ! ಪಿನಿಯನ್ ಬೇರಿಂಗನ್ನು ಅಂಗಳದಲ್ಲಿ, ಬೆಂಕಿಯಿಂದ ದೂರ, ಪೆಟ್ರೋಲ್‌ನಲ್ಲಿ ಮೂರು ಸಲ ತೊಳೆದೆ. ಮೊದಲ ಬಟ್ಟಲಿನ ತಳದಲ್ಲಿ ರವೆಯಂಥ ಮರಳು ಕೂತಿತ್ತು. ಒಣಗಿಸಿ ಎರಡು ಹನಿ ಎಣ್ಣೆ ಬಿಟ್ಟು ಬೆರಳಲ್ಲಿ ತಿರುಗಿಸಿದರೆ ಬೆಣ್ಣೆ ಹಾಗೆ ತಿರುಗಿತು. ಗೇರ್ ಹಲ್ಲುಗಳಿಗೆ ಹಳೇ ಟೂತ್‌ಬ್ರಷ್‌ನಲ್ಲಿ ತೆಳ್ಳಗೆ ಗ್ರೀಸ್. ಕ್ಲಚ್‌ನ ಜಿಡ್ಡು ಪೂರ್ತಿ ತೊಳೆದು ಒಣಗಿಸಿದೆ, ಅದಕ್ಕೆ ಗ್ರೀಸ್ ಸೋಕಿಸಲಿಲ್ಲ. ಹ್ಯಾಂಡಲ್ ಜಾರುವುದು ಅವತ್ತೇ ನಿಂತಿತು.

ಇದಾಗಿ ಒಂದು ವರ್ಷದ ಮೇಲಾಗಿದೆ, ರೀಲ್ ಚೆನ್ನಾಗಿದೆ. ಈ ಬೆಲೆಗೆ ಧೈರ್ಯವಾಗಿ ತಗೊಳ್ಳಿ ಅಂತಲೇ ಹೇಳುತ್ತೇನೆ. ಒಂದೇ ದೂರು: ಲೈನ್ ರೋಲರ್‌ಗೆ ಎಣ್ಣೆ ಬಿಡಬೇಕು ಅಂತ ಡಬ್ಬಿಯಲ್ಲಿದ್ದ ಹಾಳೆಯಲ್ಲಿ ಒಂದು ಸಾಲೂ ಇರಲಿಲ್ಲ. ಈಗ ನಾಲ್ಕೈದು ಭಾನುವಾರಕ್ಕೊಮ್ಮೆ ಅಲ್ಲಿಗೆ ಒಂದು ಹನಿ ಬಿಡುತ್ತೇನೆ.

ಹೋದ ವಾರ ಹರಿಹರದಲ್ಲಿ ಟಿಕ್ ಅಂತ ಹೊಸ ಸದ್ದು ಬಂತು. ದಾರ ಕಟ್ಟಿ ಎಣಿಸಿದೆ, ಹತ್ತು ಸುತ್ತಿಗೆ ಹತ್ತೇ. ಹ್ಯಾಂಡಲ್ ಗುಬ್ಬಿಗೆ ಒಂದು ಹನಿ ಎಣ್ಣೆ ಬಿಟ್ಟೆ, ನಿಂತಿತು.