1911ರ ರೂಪಾಯಿ ಅಸಲಿಯೋ ನಕಲಿಯೋ: ಸದ್ದು, ಒರೆಗಲ್ಲು, ಕ್ಯಾರೆಟ್ ಮೀಟರ್, ನೀರಿನ ತೂಕ

ಹಳೇ ಬೆಳ್ಳಿ ನಾಣ್ಯ ಅಸಲಿಯೋ ಅಲ್ಲವೋ ನೋಡಬೇಕೆಂದರೆ ನೀರಲ್ಲಿ ತೂಗಿ ಎನ್ನುತ್ತೇನೆ. 3,200 ರೂಪಾಯಿ ಕಳೆದುಕೊಂಡ ಮೇಲೆ ಉಳಿದ ದಾರಿಗಳನ್ನೂ ಒಂದೊಂದಾಗಿ ಮಾಡಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಆ ದುಡ್ಡು ಹೋಗಿದ್ದು ಐದನೇ ಜಾರ್ಜ್‌ನ 1911ರ ರೂಪಾಯಿಗೆ. ಸಂಗ್ರಾಹಕರ ಬಾಯಲ್ಲಿ ಇದು ‘ಹಂದಿ ರೂಪಾಯಿ’. ರಾಜನ ನಿಲುವಂಗಿಯ ಮೇಲಿನ ಪುಟ್ಟ ಆನೆಯ ಸೊಂಡಿಲು ಮೋಟಾಗಿ, ಕಾಲು ಗಿಡ್ಡವಾಗಿ, ಹಂದಿಯಂತೆ ಕಾಣುತ್ತದೆಂದು ಜನ ತಕರಾರು ತೆಗೆದರು. ಟಂಕಿಸಿದ್ದ ಸುಮಾರು 94 ಲಕ್ಷದಲ್ಲಿ ಹೊರಗೆ ಬಂದದ್ದು 7 ಲಕ್ಷದಷ್ಟು. ಉಳಿದದ್ದನ್ನು ಕರಗಿಸಿ, 1912ರಿಂದ ಆನೆಯನ್ನು ತಿದ್ದಿದರು. ಬೇಡಿಕೆ ಇರುವುದರಿಂದ ನಕಲಿಯೂ ಧಾರಾಳ.

ನಾನು ಸಂತೆಯಲ್ಲಿ ಕೊಂಡದ್ದು 11.58 ಗ್ರಾಂ ತೂಗಿತು. ಟಂಕಸಾಲೆಯ ಲೆಕ್ಕ 11.66. ನೂರು ವರ್ಷ ಸವೆದಿದೆ, ಸರಿಯಾಗಿದೆ ಅಂದುಕೊಂಡೆ. ಬರೀ ತೂಕ ನಂಬಿದ್ದೇ ನಾನು ಮಾಡಿದ ತಪ್ಪು. ಅಗ್ಗದ ಲೋಹವನ್ನು ಸ್ವಲ್ಪವೇ ಹೆಚ್ಚು ದಪ್ಪ ಮಾಡಿ ಎರಕ ಹೊಯ್ದರೆ ತೂಕ ಸರಿಹೋಗುತ್ತದೆ, ಆ ದಪ್ಪ ಕಣ್ಣಿಗೆ ಬೀಳುವುದಿಲ್ಲ.

ಸದ್ದಿನ ಪರೀಕ್ಷೆ ನಮ್ಮಜ್ಜಿಯದು. ರೂಪಾಯಿಯನ್ನು ಕಲ್ಲುಚಪ್ಪಡಿಯ ಮೇಲೆ ಎಸೆದು ‘ಠಣ್’ ಅಂದರೆ ಮಾತ್ರ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದರು. ನಾನು ಎಸೆಯುವುದಿಲ್ಲ, ಬೆರಳ ತುದಿಯಲ್ಲಿಟ್ಟು ಇನ್ನೊಂದು ನಾಣ್ಯದಿಂದ ಮೆಲ್ಲಗೆ ತಟ್ಟುತ್ತೇನೆ. ಬೆಳ್ಳಿಯ ನಾದ ಎಳೆಯುತ್ತದೆ, ನಕಲಿ ಬೇಗ ಸಾಯುತ್ತದೆ. ಆದರೆ ಸರಕ್ಕೆ ಪೋಣಿಸಲು ಕೊಂಡಿ ಬೆಸೆದು ತೆಗೆದ ಅಸಲಿ ನಾಣ್ಯವೂ ಮಂಕಾಗಿಯೇ ಸದ್ದು ಮಾಡುತ್ತದೆ. ಕಿವಿಯನ್ನು ನಂಬಿ ಸಾವಿರಾರು ರೂಪಾಯಿ ಕೊಡಲಾರೆ.

ಅಯಸ್ಕಾಂತಕ್ಕೆ ಅಂಟಿದರೆ ಬಿಸಾಡಿ. ಅಂಟದಿದ್ದರೆ ಏನೂ ತಿಳಿದಂತಾಗಲಿಲ್ಲ, ಹಿತ್ತಾಳೆ, ಸೀಸ ಕೂಡ ಅಂಟುವುದಿಲ್ಲ.

ಒರೆಗಲ್ಲು ಬೇಡವೇ ಬೇಡ. ನಮ್ಮ ಬೀದಿಯ ಅಕ್ಕಸಾಲಿ ‘ಅಂಚಲ್ಲಿ ಸ್ವಲ್ಪ ಉಜ್ಜಬೇಕಾಗುತ್ತೆ ಸಾರ್, ಪರವಾಗಿಲ್ವಾ?’ ಅಂತ ಕೇಳಿಯೇ ಉಜ್ಜಿದರು, ತಪ್ಪು ಅವರದಲ್ಲ. ಹೋಲಿಸಿ ನೋಡಲೆಂದು ಅಜ್ಜಿಯ 1919ರ ರೂಪಾಯಿಯನ್ನೂ ಕೊಟ್ಟಿದ್ದೆ. ಅದರ ಅಂಚಿನ ಮೂರು ಗೀರುಗಳು ನುಣ್ಣಗಾಗಿ ಹೋಗಿವೆ. ಆಮ್ಲದ ತೊಟ್ಟು ಬೆಳ್ಳಿ ಎಂದು ಹೇಳಿತು ನಿಜ, ಆ ಗಾಯ ಮಾತ್ರ ಮಾಯುವುದಿಲ್ಲ.

ಲೋಹದಲ್ಲಿ ಚಿನ್ನ, ಬೆಳ್ಳಿ ಎಷ್ಟಿದೆಯೆಂದು ಅಳೆಯುವ, ಚಿನ್ನದಂಗಡಿಯ ಕ್ಯಾರೆಟ್ ಮೀಟರ್‌ಗೆ 100 ರೂಪಾಯಿ ಕೊಟ್ಟೆ. ನಾಣ್ಯಕ್ಕೆ ಏನೂ ಆಗುವುದಿಲ್ಲ, ಎರಡು ನಿಮಿಷದ ಕೆಲಸ. ಆದರೆ ಅದು ನೋಡುವುದು ಮೇಲಿನ ತೆಳು ಪದರವನ್ನು. ದಪ್ಪ ಬೆಳ್ಳಿ ಲೇಪ ಕೊಟ್ಟಿದ್ದರೆ ಒಳಗಿನದು ಅದಕ್ಕೆ ಕಾಣುವುದಿಲ್ಲ.

ಈಗ ನೀರಿಗೆ ಬರೋಣ. 0.01 ಗ್ರಾಂ ತೋರಿಸುವ, ಅಂಗೈಯಗಲದ ತಕ್ಕಡಿ 500 ರೂಪಾಯಿಯೊಳಗೆ ಸಿಕ್ಕಿತು. ಮೊದಲು ನಾಣ್ಯವನ್ನು ಒಣದಾಗಿ ತೂಗಿ. ಆಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ನಾಣ್ಯವನ್ನು ದಾರದಲ್ಲಿ ಕಟ್ಟಿ ತಳಕ್ಕೆ ತಾಗದಂತೆ ಮುಳುಗಿಸಿ. ತಕ್ಕಡಿ ತೋರಿಸಿದ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿದರೆ ಸಾಂದ್ರತೆ. ನೂರಕ್ಕೆ 91.7 ಭಾಗ ಬೆಳ್ಳಿಯಿರುವ ಈ ರೂಪಾಯಿಗೆ 10.3ರ ಆಸುಪಾಸು ಬರಬೇಕು.

ಹೇಳಲು ಇಷ್ಟು ಸುಲಭ. ನನಗೆ ಮೂರು ಸಂಜೆ ಹಿಡಿಯಿತು. ಸ್ಟೀಲ್ ಲೋಟ ಇಟ್ಟರೆ ತಕ್ಕಡಿಯ 200 ಗ್ರಾಂ ಮಿತಿ ದಾಟಿತು. ಚಿಕ್ಕ ಪ್ಲಾಸ್ಟಿಕ್ ಕಪ್ ತಂದೆ. ಆಮೇಲೆ ಅಜ್ಜಿಯ ರೂಪಾಯಿ 11.54 ಗ್ರಾಂ, ನೀರಲ್ಲಿ 1.24 ತೋರಿಸಿತು. ಸಾಂದ್ರತೆ 9.31! ಆ ರಾತ್ರಿ ನಿದ್ದೆ ಬರಲಿಲ್ಲ, ಅಜ್ಜಿ ಜೋಪಾನ ಮಾಡಿದ್ದೇ ಖೋಟಾ ಇರಬಹುದೇ ಅಂತ.

ಬೆಳಕಿಗೆ ಹಿಡಿದು ನೋಡಿದಾಗ ಗೊತ್ತಾಯಿತು. ಅಂಚಿನ ಗೀರುಗಳಲ್ಲಿ, ಅಕ್ಷರಗಳ ಸಂದಿಯಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕೂತಿದ್ದವು. ಹೊಲಿಗೆಯ ದಾರದ ಎಳೆಗಳಲ್ಲೂ ಗಾಳಿ. ಮೇಲೆ ಫ್ಯಾನ್ ಬೇರೆ ತಿರುಗುತ್ತಿತ್ತು. ದಾರ ಬಿಟ್ಟು ಮೀನಿನ ಗಾಳದ ನೈಲಾನ್ ಎಳೆ ಕಟ್ಟಿದೆ, ಎರಡು ಕಡೆ ಪುಸ್ತಕ ಪೇರಿಸಿ ಅಡ್ಡಲಾಗಿ ಪೆನ್ಸಿಲ್ ಇಟ್ಟು ಅದರಿಂದ ತೂಗುಬಿಟ್ಟೆ, ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿದೆ, ಫ್ಯಾನ್ ಆರಿಸಿದೆ. 1.12 ಬಂತು. ಲೆಕ್ಕ 10.30. ಅಜ್ಜಿಯದು ಅಸಲಿ ಬೆಳ್ಳಿ.

ಗುಳ್ಳೆ ಕೂತರೂ, ನಾಣ್ಯ ತಳಕ್ಕೆ ತಾಗಿದರೂ ನೀರಿನ ಅಂಕಿ ಏರುತ್ತದೆ, ಒಳ್ಳೆಯ ನಾಣ್ಯ ಕೆಟ್ಟದ್ದಾಗಿ ಕಾಣುತ್ತದೆ. ಹಾಗಾಗಿ ಮೂರು ಸಲ ತೂಗಿ, ಅಲುಗಾಟ ನಿಂತ ಮೇಲೆ ಬಂದ ಕಡಿಮೆ ಅಂಕಿಯನ್ನೇ ಹಿಡಿಯುತ್ತೇನೆ. ನನ್ನ 1911ರದು ಮೂರು ಸಲವೂ 1.33 ತೋರಿಸಿತು. ಸಾಂದ್ರತೆ 8.7, ತಾಮ್ರ, ನಿಕಲ್, ಸತು ಬೆರೆಸಿದ ಜರ್ಮನ್ ಸಿಲ್ವರ್‌ನದು. ಹೆಸರಿನಲ್ಲಿ ಬಿಟ್ಟರೆ ಅದರಲ್ಲಿ ಬೆಳ್ಳಿಯೇ ಇಲ್ಲ.

ನೀರಿಗೂ ಮಿತಿಯಿದೆ. ಗೆಳೆಯನೊಬ್ಬನ 1911ರ ರೂಪಾಯಿ 10.3ಕ್ಕೆ ಸರಿಯಾಗಿ ನಿಂತಿತು. 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದರೆ ಆನೆಗೆ ಸೊಂಡಿಲು ಉದ್ದಕ್ಕೆ, ಸ್ಪಷ್ಟವಾಗಿತ್ತು. ಕೊನೆಯ ‘1’ರ ಸುತ್ತ ಲೋಹ ಕೆರೆದ ಗುರುತು. 1912ರ ಅಸಲಿ ಬೆಳ್ಳಿಯಲ್ಲೇ ಇಸವಿ ತಿದ್ದಿದ್ದರು. ಅದಕ್ಕೇ ತಕ್ಕಡಿಯ ಜೊತೆ ಮಸೂರವೂ ಬೇಕು. ಎರಡೂ ಸೇರಿ ನನಗೆ 800 ರೂಪಾಯಿಯೊಳಗೆ ಆಯಿತು. ಲಕ್ಷಗಟ್ಟಲೆ ಬೆಲೆಯ 1939ರ ರೂಪಾಯಿಗೆ ಮಾತ್ರ ಮನೆಯ ಪರೀಕ್ಷೆ ನೆಚ್ಚಬೇಡಿ. ಅಲ್ಲಿ 1938ರ ಎಂಟನ್ನು ಒಂಬತ್ತು ಮಾಡುತ್ತಾರೆ, ಎರಡರದೂ ಬೆಳ್ಳಿ ಒಂದೇ, ತೂಕ ಒಂದೇ.

ನಾನು ತಿಂಗಳಿಗೆ ಒಂದೋ ಎರಡೋ ನಾಣ್ಯ ಕೊಳ್ಳುವವನು, ಒಂದಕ್ಕೆ ನಾಲ್ಕು ಸಾವಿರದ ಮೇಲೆ ಹೋಗುವುದಿಲ್ಲ. ಎರಡನೇ ಸಲ 1911ರದನ್ನು ಕೊಳ್ಳುವಾಗ ಕಪ್, ನೈಲಾನ್ ಎಳೆ, ತಕ್ಕಡಿ ಎಲ್ಲ ಚೀಲದಲ್ಲಿ ಒಯ್ದಿದ್ದೆ. ಅಂಗಡಿಯವರು ಬೇಸರಿಸದೆ ಮೇಜಿನ ಮೇಲೆ ಜಾಗ ಮಾಡಿಕೊಟ್ಟರು. 11.57, ನೀರಲ್ಲಿ 1.12. ಮಸೂರದಡಿ ಆನೆ ಹಂದಿಯ ಹಾಗೇ ಇತ್ತು. ಹೇಳಿದ ಬೆಲೆ ಕೊಟ್ಟು ತಂದೆ. ನೀರಿಗೆ ಹಾಕಲು ಬಿಡದವರ ಹತ್ತಿರ ಈಗ 500 ರೂಪಾಯಿ ಮೀರಿದ ನಾಣ್ಯ ಕೊಳ್ಳುವುದಿಲ್ಲ.